ಒಂದೇ ನಮೂನೆ, ಹಲವು ತಾಲೂಕು

ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳಲ್ಲಿ ಕನ್ನಡಕ್ಕೆ ಹೊಸದಾಗಿ ಬಂದು ಊರೂರಲ್ಲೂ ನೆಲೆಯೂರಿದ ಒಂದು ವಾಕ್ಯವಿದೆ: ‘ಸರ್ವರ್ ಇಲ್ಲ.’ ನಾಡಕಚೇರಿಯಲ್ಲಿ, ರೇಷನ್ ಅಂಗಡಿಯಲ್ಲಿ, ಸೊಸೈಟಿಯಲ್ಲಿ, ಸಬ್‌ರಿಜಿಸ್ಟ್ರಾರ್ ಕಚೇರಿಯ ಬೆಂಚಿನ ಮೇಲೆ ಇದನ್ನು ಕೇಳದವರಿಲ್ಲ. ಹೇಳುವವರೂ ಕೇಳುವವರೂ ಅದನ್ನು ಮಳೆಯ ಹಾಗೆ ಒಪ್ಪಿಕೊಂಡಿದ್ದಾರೆ. ಬಂದರೆ ಬಂತು, ಬರದಿದ್ದರೆ ನಾಳೆ ಬನ್ನಿ.

ಸರ್ವರ್ ಇಲ್ಲದಾಗಿನ ಸಂಕಟ ಎಲ್ಲರಿಗೂ ಗೊತ್ತಿರುವುದೇ. ಅದು ಇರುವಾಗ ಒಳಗೆ ಏನಿರುತ್ತದೆ ಎಂಬ ಕಡೆಗೆ ಸ್ವಲ್ಪ ನೋಡೋಣ. ಪಹಣಿ ಕೊಡುವ ತಂತ್ರಾಂಶ ಸುಳ್ಯಕ್ಕೂ ಒಂದೇ, ಸೇಡಂಗೂ ಒಂದೇ. ಆದರೆ ಸುಳ್ಯದವರ ಪಹಣಿ ಕೊಡುವಾಗ ಅದಕ್ಕೆ ತಾನು ಸುಳ್ಯದ ಕೆಲಸ ಮಾಡುತ್ತಿದ್ದೇನೆ ಎಂಬುದು ಗೊತ್ತಿರಬೇಕು. ಯಾವ ಜಿಲ್ಲೆ, ಯಾವ ಹೋಬಳಿ, ಯಾವ ಗ್ರಾಮಗಳು, ಜಾಗ ಅಳೆಯುವುದು ಯಾವ ಮಾನದಲ್ಲಿ, ದಾಖಲೆಗಳ ಭಂಡಾರ ಯಾವ ವಿಳಾಸದಲ್ಲಿದೆ, ಸಹಿ ಯಾರದ್ದು. ಇಂಥ ಸಂಗತಿಗಳನ್ನು ಕಂಪ್ಯೂಟರಿಗೆ ಹೇಳಿಕೊಡುವುದಕ್ಕೆ ಕಾನ್ಫಿಗರೇಶನ್ ಎನ್ನುತ್ತಾರೆ. ಒಂದು ಕಡೆ ಸರಿಯಾಗಿ ಕೂತ ಕಾನ್ಫಿಗರೇಶನ್ನನ್ನು ನೂರಾರು ಕಡೆ ನಕಲು ಮಾಡುವುದು ಹೇಗೆ, ಹಾಗೆ ನಕಲು ಮಾಡುವಾಗ ಯಾವುದನ್ನು ಖಾಲಿ ಬಿಡಬೇಕು ಎಂಬ ಪ್ರಶ್ನೆ ತಂತ್ರಾಂಶದವರಿಗೆ ದಿನನಿತ್ಯದ್ದು. ಆ ಪ್ರಶ್ನೆಗೆ ಕಂಪ್ಯೂಟರಿಗಿಂತ ಹಳೆಯ ಚರಿತ್ರೆಯಿದೆ. ಅದನ್ನು ಬೆಂಗಳೂರಿನ ಗಾಜಿನ ಕಟ್ಟಡಗಳಿಂದ ಹೇಳುವುದಕ್ಕಿಂತ ಕಲ್ಲುಗುಂಡಿಯಿಂದ ಹೇಳುವುದು ಸುಲಭ ಎಂದು ನನ್ನ ಅನಿಸಿಕೆ.

ಕಲ್ಲುಗುಂಡಿ ಸುಳ್ಯ ತಾಲೂಕಿನ ಸಂಪಾಜೆ ಗ್ರಾಮದ ಪೇಟೆ. ಮಾಣಿಯಿಂದ ಮೈಸೂರಿಗೆ ಹೋಗುವ ಹೆದ್ದಾರಿ ಪಯಸ್ವಿನಿ ನದಿಯ ಪಕ್ಕದಲ್ಲಿ ಇಲ್ಲಿಗೆ ಬಂದು, ಇನ್ನು ಘಾಟಿ ಹತ್ತಬೇಕು ಎನ್ನುವ ಮೊದಲು ಒಮ್ಮೆ ಉಸಿರು ತೆಗೆದುಕೊಳ್ಳುತ್ತದೆ. ಸ್ವಲ್ಪ ಮೇಲೆ ಹೋದರೆ ಮತ್ತೊಂದು ಸಂಪಾಜೆ ಇದೆ, ಅದು ಕೊಡಗು ಜಿಲ್ಲೆಯದ್ದು. ಹೆಸರು ಒಂದೇ, ಗ್ರಾಮ ಎರಡು, ಜಿಲ್ಲೆ ಎರಡು. ತೋಟಗಳಲ್ಲಿ ಅದೇ ಅಡಿಕೆ, ಅದೇ ಕಾಳುಮೆಣಸು. ಅರೆಭಾಷೆ ಎರಡೂ ಕಡೆ ಕೇಳುತ್ತದೆ. ಆದರೆ ಭೂಮಿಯ ಕಾಗದಪತ್ರ ನೋಡಿದರೆ ಗಡಿ ಎಲ್ಲಿದೆಯೆಂದು ಕೂಡಲೇ ಗೊತ್ತಾಗುತ್ತದೆ. ಕೆಳಗಿನ ಸಂಪಾಜೆಯಲ್ಲಿ ವರ್ಗ ಜಾಗಕ್ಕೆ ತಾಗಿಕೊಂಡು ಕುಮ್ಕಿ. ಮೇಲಿನದರಲ್ಲಿ ಕೊಡಗಿನ ಬಾಣೆ, ಜಮ್ಮಾ ಎಂಬ ಬೇರೆಯೇ ಪರಿಭಾಷೆ. ಕುಮ್ಕಿ ಎಂದರೆ ಸರಕಾರದ ಜಾಗವೇ. ಆದರೆ ಪಕ್ಕದ ವರ್ಗದಾರನಿಗೆ ಅಲ್ಲಿಂದ ಸೊಪ್ಪು, ಸೌದೆ, ದನಕ್ಕೆ ಮೇವು ತರುವ ಸವಲತ್ತು. ಜಮ್ಮಾ ಹಿಡುವಳಿಯ ಕಾಗದ ಕುಟುಂಬದ ಪಟ್ಟೇದಾರನ ಹೆಸರಿನಲ್ಲಿ ಇರುತ್ತದೆ, ಜಾಗ ಮಾತ್ರ ಇಡೀ ಒಕ್ಕಲಿನದ್ದು.

ಇನ್ನೂ ಮುಂದೆ ಮಡಿಕೇರಿ, ಕುಶಾಲನಗರ ದಾಟಿ ಪಿರಿಯಾಪಟ್ಟಣಕ್ಕೆ ಇಳಿದರೆ ಅಳತೆಯ ಮಾನವೇ ಬದಲು. ನಮ್ಮ ಕಡೆ ಎಕರೆಗೆ ನೂರು ಸೆಂಟ್ಸ್. ಅಲ್ಲಿ ಎಕರೆಗೆ ನಲವತ್ತು ಗುಂಟೆ. ಇದು ಸಣ್ಣ ಸಂಗತಿ ಎನಿಸಬಹುದು. ಕಾಗದದ ಮೇಲೆ ಎಕರೆ ಸೊನ್ನೆ, ಪಕ್ಕದಲ್ಲಿ 25 ಎಂದಿದೆ ಎಂದುಕೊಳ್ಳಿ. ಸುಳ್ಯದಲ್ಲಿ ಅದು ಕಾಲು ಎಕರೆ. ಅದೇ ಅಂಕಿಯನ್ನು ಗುಂಟೆ ಎಂದು ಓದಿದರೆ 62.5 ಸೆಂಟ್ಸ್, ಎಂದರೆ ಎರಡೂವರೆ ಪಟ್ಟು. ಅಂಕಿ ಬದಲಾಗಲಿಲ್ಲ, ಅದರ ಪಕ್ಕದಲ್ಲಿ ಬರೆಯದೆ ಬಿಟ್ಟ ಒಂದು ಪದ ಬದಲಾಯಿತು. ಕಾನ್ಫಿಗರೇಶನ್ ಎಂದರೆ ಹೆಚ್ಚಿನ ಪಾಲು ಇಂಥ ಬರೆಯದೆ ಬಿಟ್ಟ ಪದಗಳೇ. ಊರಿನೊಳಗೆ ಇರುವಷ್ಟು ದಿನ ಅವನ್ನು ಬರೆಯುವ ಅಗತ್ಯ ಬೀಳುವುದಿಲ್ಲ. ಬೇರೆ ಊರಿಗೆ ನಕಲು ಹೊರಟಾಗ ಗೊತ್ತಾಗುತ್ತದೆ.

ಹೀಗೆ ನಕಲು ಹೊರಟ ಒಂದು ಆಡಳಿತದ ಕಥೆ ಈ ಭಾಗದವರಿಗೆ ಚೆನ್ನಾಗಿಯೇ ಗೊತ್ತು, ಬೇರೆ ಹೆಸರಿನಲ್ಲಿ. ಪುತ್ತೂರು ಮತ್ತು ಅಮರ ಸುಳ್ಯದ ಮಾಗಣೆಗಳು ಕೊಡಗಿನ ಹಾಲೇರಿ ಅರಸರ ಕೈಯಲ್ಲಿದ್ದವು. 1834ರಲ್ಲಿ ಕಂಪನಿ ಸರಕಾರ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಅಲ್ಲಿಗೇ ನಿಲ್ಲದೆ ಘಟ್ಟದ ಕೆಳಗಿನ ಈ ಮಾಗಣೆಗಳನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ನಕ್ಷೆ ನೋಡುವವರಿಗೆ ಇದು ಒಳ್ಳೆಯ ತೀರ್ಮಾನವೆಂದೇ ಕಾಣುತ್ತದೆ. ಘಟ್ಟದ ಕೆಳಗಿನದ್ದು ಮಂಗಳೂರಿಗೆ, ಮೇಲಿನದ್ದು ಮಡಿಕೇರಿಗೆ. ಆದರೆ ಜಿಲ್ಲೆಯ ಜೊತೆ ಜಿಲ್ಲೆಯ ಕಂದಾಯ ಪದ್ಧತಿಯೂ ಬಂತು. ಅರಸರ ಕಾಲದಲ್ಲಿ ಬೆಳೆದ ಬೆಳೆಯಲ್ಲಿ ಕೊಡುತ್ತಿದ್ದ ತೆರಿಗೆಯನ್ನು ಈಗ ನಗದಾಗಿ ಕಟ್ಟಬೇಕು. ಜೊತೆಗೆ ಉಪ್ಪು, ಹೊಗೆಸೊಪ್ಪಿನ ಮೇಲೆ ಕಂಪನಿಯ ಏಕಸ್ವಾಮ್ಯ.

ನಗದು ಎಂಬ ಮೂರಕ್ಷರದ ಭಾರ ಎಷ್ಟೆಂದು ಭತ್ತ ಬೆಳೆದವರಿಗೆ ಗೊತ್ತು. ಕೊಯ್ಲಾದ ಕೂಡಲೇ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಬೆಲೆ ಇಳಿಯುತ್ತದೆ. ಕಂತಿನ ದಿನ ಮಾತ್ರ ನಿಲ್ಲುವುದಿಲ್ಲ. ಮಾರಲಾಗದವನು ಸಾಲಗಾರನ ಜಗಲಿಗೆ ಹೋಗಬೇಕು. ಬೆಳೆ ಕೆಟ್ಟ ವರ್ಷ ಪಾಲಿನ ತೆರಿಗೆ ತಾನಾಗಿ ಇಳಿಯುತ್ತದೆ. ನಗದಿನ ತೆರಿಗೆಗೆ ಆ ಸ್ವಭಾವವಿಲ್ಲ. ಕೆನರಾದ ಕರಾವಳಿಯಲ್ಲಿ ಬಂದರು, ವ್ಯಾಪಾರ, ನಾಣ್ಯದ ಓಡಾಟ ಹಳೆಯವು. ಅಲ್ಲಿಗೆ ಒಗ್ಗಿದ್ದನ್ನು ಕಾಡಿನಂಚಿನ ಮಾಗಣೆಗೆ ಹಾಗೆಯೇ ತಂದು ಕೂರಿಸಿದರು.

ಮೂರು ವರ್ಷಕ್ಕೆ ಅದು ಸಿಡಿಯಿತು. 1837ರಲ್ಲಿ ಸುಳ್ಯ ಸೀಮೆಯಲ್ಲಿ ಎದ್ದ ರೈತರ ದಂಡು ಬೆಳ್ಳಾರೆಯ ಖಜಾನೆಯನ್ನು ಕೈವಶ ಮಾಡಿಕೊಂಡು, ಪುತ್ತೂರಿನ ಮೂಲಕ ನಡೆದು, ಏಪ್ರಿಲ್ 5ರಂದು ಮಂಗಳೂರನ್ನು ಹಿಡಿದು ಬಾವುಟಗುಡ್ಡೆಯಲ್ಲಿ ತನ್ನ ಬಾವುಟ ಹಾರಿಸಿತು. ಕೆದಂಬಾಡಿ ರಾಮಯ್ಯ ಗೌಡರು ಮುಂದಾಳುಗಳಲ್ಲಿ ಪ್ರಮುಖರು. ಹಾಲೇರಿ ವಂಶದ ಕಲ್ಯಾಣಸ್ವಾಮಿಯ ಹೆಸರು ಹೊತ್ತು ದಂಡಿನ ಮುಂದೆ ನಡೆದವನು ಪುಟ್ಟಬಸಪ್ಪ. ಜನರ ಬಾಯಲ್ಲಿ ಅದು ಕಲ್ಯಾಣಪ್ಪನ ಕಾಟಕಾಯಿ ಆಗಿ ಉಳಿಯಿತು. ಸುಮಾರು ಎರಡು ವಾರ ಮಂಗಳೂರು ಅವರ ಕೈಯಲ್ಲಿತ್ತು. ಆಮೇಲೆ ಕಂಪನಿಯ ಸೇನೆ ಬಂತು, ಬಿಕರ್ನಕಟ್ಟೆಯಲ್ಲಿ ನೇಣುಗಳು ಎದ್ದವು. ದಂಗೆಗೆ ಬೇರೆ ಕಾರಣಗಳೂ ಇದ್ದವು, ಅರಸುಮನೆತನದ ಮೇಲಿನ ನಿಷ್ಠೆಯೂ ಸೇರಿ. ತೆರಿಗೆಯೊಂದರಿಂದಲೇ ಆಯಿತೆಂದು ಹೇಳುವುದು ಸರಿಯಲ್ಲ. ಆದರೆ ಒಂದು ಜಿಲ್ಲೆಯ ನಮೂನೆಯನ್ನು ಇನ್ನೊಂದು ಸೀಮೆಯ ಮೇಲೆ ಹೇರುವಾಗ ‘ತೆರಿಗೆ ಯಾವುದರಲ್ಲಿ?’ ಎಂಬ ಜಾಗವನ್ನು ಯಾರೂ ಖಾಲಿ ಬಿಡಲಿಲ್ಲ ಎಂಬುದು ಅದರ ಬೇರಿನಲ್ಲಿ ಇದ್ದೇ ಇದೆ.

ಮುಂದಿನ ನೂರು ವರ್ಷ ನಮ್ಮ ಕೆಳಗಿನ ಸಂಪಾಜೆ ಕೆನರಾದ ಜೊತೆ, ಎಂದರೆ ಮದ್ರಾಸಿನ ಜೊತೆ. ಮೇಲಿನದ್ದು ಕೊಡಗಿನ ಜೊತೆ. 1956ರ ನವೆಂಬರ್ 1ರಂದು ಮೈಸೂರು, ಮುಂಬಯಿ, ಹೈದರಾಬಾದು, ಮದ್ರಾಸು, ಕೊಡಗು ಈ ಐದು ಆಡಳಿತಗಳ ಕನ್ನಡ ಪ್ರದೇಶಗಳು ಒಂದಾದವು. ಏಕೀಕರಣದ ಬಗ್ಗೆ ಬರೆಯುವಾಗ ನಾವು ಹಾಡು, ಭಾಷಣ, ಮೆರವಣಿಗೆಗಳನ್ನು ನೆನೆಯುತ್ತೇವೆ. ಕಂದಾಯ ಇಲಾಖೆಯ ಗುಮಾಸ್ತರಿಗೆ ಅದು ಐದು ಬಗೆಯ ರಿಜಿಸ್ಟರು, ಐದು ಬಗೆಯ ಪದ, ಐದು ಬಗೆಯ ರೂಢಿಗಳ ರಾಶಿ. ಮದ್ರಾಸಿನ ಕಡೆಯ ಅಡಂಗಲ್ಲು ಬೇರೆ ಕಡೆಯ ಪಹಣಿ. ಎಂಟು ವರ್ಷ ಬೇಕಾಯಿತು ಇಡೀ ರಾಜ್ಯಕ್ಕೆ ಒಂದೇ ಕಾನೂನು ಬರಲು. ಅದು 1964ರ ಭೂಕಂದಾಯ ಅಧಿನಿಯಮ.

ಆ ಕಾನೂನಿನ 79ನೇ ಕಲಮನ್ನು ಸಾಹಿತ್ಯದ ವಿದ್ಯಾರ್ಥಿಗಳೂ ಒಮ್ಮೆ ಓದಬೇಕು. ಇಡೀ ರಾಜ್ಯಕ್ಕೆ ಒಂದೇ ನಿಯಮ ಎಂದು ಹೊರಟ ಪಠ್ಯ ಅಲ್ಲಿ ತಟ್ಟನೆ ನಿಂತು ಊರುಗಳ ಮಾತಾಡಲು ಶುರುಮಾಡುತ್ತದೆ. ದಕ್ಷಿಣ ಕನ್ನಡದ ಕುಮ್ಕಿ, ಬಾಣೆ, ಕಾನೆ. ಉತ್ತರ ಕನ್ನಡದ ಬೆಟ್ಟ, ಹಾಡಿ. ಹಳೆ ಮೈಸೂರಿನ ಕಾನು, ಸೊಪ್ಪಿನಬೆಟ್ಟ. ಕೊಡಗಿನ ಜಮ್ಮಾ, ಬಾಣೆ. ಹೈದರಾಬಾದ್ ಪ್ರಾಂತದ ಮೋಟಸ್ಥಳ. ಇವುಗಳ ಮೇಲೆ ಜನರು ಅನುಭವಿಸುತ್ತ ಬಂದ ಸವಲತ್ತುಗಳು ಮುಂದುವರಿಯತಕ್ಕದ್ದು ಎಂಬುದು ಅದರ ತಾತ್ಪರ್ಯ. ಕಾನೂನು ಬರೆದವರು ಎಲ್ಲವನ್ನೂ ಒಂದೇ ಅಚ್ಚಿಗೆ ಹಾಕಲಿಲ್ಲ. ಅಚ್ಚಿಗೆ ಒಗ್ಗದ್ದನ್ನು ಒಂದು ಕಡೆ ಪಟ್ಟಿ ಮಾಡಿ, ಎಲ್ಲಿ ಏನೆಂದು ಹೆಸರಿಟ್ಟು ಇಟ್ಟರು.

ಇಲ್ಲಿಂದ ಸ್ವಲ್ಪ ದೂರ ಹೋಗಬೇಕಾಗುತ್ತದೆ, ಏಕೆಂದರೆ ಇದೇ ಉಪಾಯವನ್ನು ಕಂಪ್ಯೂಟರಿನವರು ತಮ್ಮ ದಾರಿಯಲ್ಲಿ ಕಂಡುಕೊಂಡರು.

1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಬ್ರಯನ್ ಕೆರ್ನಿಘನ್ ಮತ್ತು ಡೆನಿಸ್ ರಿಚಿ ‘ಎಂ4’ ಎಂಬ ಪುಟ್ಟ ಉಪಕರಣ ಬರೆದರು. ಅದರ ಕೆಲಸ ಇಷ್ಟೇ. ಒಂದು ಪಠ್ಯ ಕೊಟ್ಟು, ಇಂಥ ಪದ ಬಂದಲ್ಲಿ ಇಂಥದ್ದನ್ನು ತುಂಬು ಎಂದರೆ ತುಂಬಿ ಕೊಡುತ್ತದೆ. ಮದುವೆ ಕಾಗದದ ಅಚ್ಚಿನಲ್ಲಿ ವಧೂವರರ ಹೆಸರಿನ ಜಾಗ ಖಾಲಿ ಬಿಟ್ಟ ಹಾಗೆ. ಅದೇ ಕಾಲಕ್ಕೆ ಬೆಳೆಯುತ್ತಿದ್ದ ಇಂಟರ್ನೆಟ್ಟಿನಲ್ಲಿ ಅಂಚೆ ಸಾಗಿಸುವ ಸೆಂಡ್‌ಮೇಲ್ ಎಂಬ ತಂತ್ರಾಂಶವಿತ್ತು, ಬರ್ಕ್‌ಲಿಯ ಎರಿಕ್ ಆಲ್‌ಮನ್ ಬರೆದದ್ದು. ಅದರ ಕಾನ್ಫಿಗರೇಶನ್ ಓದಲಾಗದಷ್ಟು ಕ್ಲಿಷ್ಟವೆಂದು ಹೆಸರುವಾಸಿ. ಮುಂದೆ ಜನ ಅದನ್ನು ಕೈಯಲ್ಲಿ ಬರೆಯುವುದನ್ನು ಬಿಟ್ಟು, ತಮ್ಮ ಊರಿನ ನಾಲ್ಕು ಸಂಗತಿಗಳನ್ನಷ್ಟೇ ಬರೆದು, ಉಳಿದದ್ದನ್ನು ಎಂ4ನಿಂದ ತುಂಬಿಸಿಕೊಳ್ಳತೊಡಗಿದರು.

1993ರಲ್ಲಿ ಓಸ್ಲೋ ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರದ ಸಂಶೋಧಕ ಮಾರ್ಕ್ ಬರ್ಜೆಸ್‌ಗೆ ಬೇರೆ ತಲೆನೋವು. ಅವರು ನೋಡಿಕೊಳ್ಳಬೇಕಾದ ಯಂತ್ರಗಳು ಬೇರೆ ಬೇರೆ ಕಂಪನಿಯವು, ಒಂದಕ್ಕೆ ಹೇಳಿದ ಮಾತು ಇನ್ನೊಂದಕ್ಕೆ ಅರ್ಥವಾಗದು. ಅದಕ್ಕಾಗಿ ಸಿಎಫ್‌ಎಂಜಿನ್ ಎಂಬುದನ್ನು ಬರೆದರು. ಯಂತ್ರಕ್ಕೆ ‘ಹೀಗೆ ಮಾಡು’ ಎನ್ನುವ ಬದಲು ‘ಹೀಗಿರಬೇಕು’ ಎಂದು ಹೇಳುವುದು ಅದರ ರೀತಿ. ಅದೇ ದಾರಿಯಲ್ಲಿ 2005ರಲ್ಲಿ ಪಪೆಟ್, 2012ರಲ್ಲಿ ಆನ್ಸಿಬಲ್ ಬಂದವು. ಸಾಹಿತ್ಯದವರಿಗೆ ಒಂದು ಸಣ್ಣ ಸಂತೋಷದ ಸಂಗತಿ: ಆನ್ಸಿಬಲ್ ಎಂಬ ಪದ ಉರ್ಸುಲಾ ಲೆಗ್ವಿನ್ 1966ರ ಕಾದಂಬರಿಯೊಂದರಲ್ಲಿ ಹುಟ್ಟಿಸಿದ್ದು. ನಕ್ಷತ್ರಗಳ ದೂರದಲ್ಲಿರುವವರಿಗೆ ಕ್ಷಣದಲ್ಲಿ ಮಾತು ಮುಟ್ಟಿಸುವ ಕಲ್ಪನೆಯ ಯಂತ್ರ ಅದು.

ಅಪ್ಲಿಕೇಶನ್ ಸರ್ವರ್ ಎಂಬುದು ಈ ಕಥೆಗೆ ಬರುವುದು ತೊಂಬತ್ತರ ದಶಕದ ಕೊನೆಯಲ್ಲಿ. ಒಂದು ಕಡೆ ಜನ, ಇನ್ನೊಂದು ಕಡೆ ದಾಖಲೆಗಳ ಭಂಡಾರ, ನಡುವೆ ಕೂತು ಲೆಕ್ಕ ನೋಡಿ ಉತ್ತರ ಕೊಡುವ ಗುಮಾಸ್ತನಂಥದ್ದು. ಐಬಿಎಂನ ವೆಬ್‌ಸ್ಫಿಯರ್ ಅವುಗಳಲ್ಲೊಂದು, ಬ್ಯಾಂಕು ವಿಮಾ ಕಂಪನಿಗಳಲ್ಲಿ ಬಹಳ ಬಳಕೆಯಾದದ್ದು. ಅದಕ್ಕೆ ಮೌಸಿನಲ್ಲಿ ಒತ್ತುತ್ತ ಹೋಗುವ ಪುಟಗಳೂ ಇದ್ದವು, ಕಪ್ಪು ಪರದೆಯಲ್ಲಿ ಸಾಲು ಸಾಲಾಗಿ ಆಜ್ಞೆ ಟೈಪು ಮಾಡುವ ಉಪಕರಣವೂ ಇತ್ತು. 2008ರಲ್ಲಿ ಬಂದ ಅದರ ಏಳನೇ ಆವೃತ್ತಿಯಲ್ಲಿ ಒಂದು ಸೊಗಸಾದ ಸೌಲಭ್ಯ ಸೇರಿತು. ಓಡುತ್ತಿರುವ ಸರ್ವರಿನ ಕಾನ್ಫಿಗರೇಶನ್ನನ್ನು ಒಂದು ಆಜ್ಞೆಯಿಂದ ಸಾದಾ ಪಠ್ಯದ ಕಡತವಾಗಿ ಹೊರತೆಗೆಯಬಹುದು. ಆ ಕಡತದ ಕೊನೆಗೆ ಒಂದು ಪುಟ್ಟ ವಿಭಾಗ. ಈ ಸರ್ವರಿನ ಹೆಸರೇನು, ಇದು ಯಾವ ಯಂತ್ರದಲ್ಲಿದೆ, ಯಾವ ಗುಂಪಿಗೆ ಸೇರಿದೆ ಎಂಬುದು ಅಲ್ಲಿ ಮಾತ್ರ ಬರೆದಿರುತ್ತದೆ. ಕಡತದ ಉಳಿದ ಭಾಗದಲ್ಲಿ ಆ ಹೆಸರುಗಳು ಬರಬೇಕಾದ ಕಡೆಯೆಲ್ಲ ಬರೀ ಗುರುತು. ಕೊನೆಯ ನಾಲ್ಕೈದು ಸಾಲು ಬದಲಿಸಿ, ಇನ್ನೊಂದು ಆಜ್ಞೆಯಿಂದ ತಪ್ಪಿದೆಯೇ ಎಂದು ಪರೀಕ್ಷಿಸಿ, ಮೂರನೆಯದರಿಂದ ಹೊಸ ಸರ್ವರಿಗೆ ಅನ್ವಯಿಸಿದರೆ ನಕಲು ಸಿದ್ಧ. ನನಗೆ ಅದನ್ನು ನೋಡಿದಾಗೆಲ್ಲ 79ನೇ ಕಲಮು ನೆನಪಾಗುತ್ತದೆ. ಬದಲಾಗುವುದನ್ನೆಲ್ಲ ಒಂದೇ ಕಡೆ ತಂದು ಹೆಸರಿಟ್ಟು ಕೂರಿಸುವ ಅದೇ ಬುದ್ಧಿ.

ಮೌಸಿಗಿಂತ ಆಜ್ಞೆಯ ಸಾಲು ಯಾಕೆ ಮೇಲು ಎಂದು ಹೊಸಬರು ಕೇಳುತ್ತಾರೆ. ಒತ್ತಿದ್ದು ಎಲ್ಲೂ ಉಳಿಯುವುದಿಲ್ಲ, ಬರೆದದ್ದು ಉಳಿಯುತ್ತದೆ. ಎಂಬತ್ತು ಪುಟಗಳಲ್ಲಿ ಒತ್ತಿ ಒತ್ತಿ ಸರಿಮಾಡಿದ ಸರ್ವರ್ ಮಾಡಿದವನ ನೆನಪಿನಲ್ಲಿ ಮಾತ್ರ ಇರುತ್ತದೆ. ಅವನು ಕೆಲಸ ಬಿಟ್ಟ ದಿನ ಅದೂ ಹೋಯಿತು. ಆಜ್ಞೆಗಳ ಕಡತವನ್ನು ಇನ್ನೊಬ್ಬರು ಓದಬಹುದು, ತಿದ್ದಬಹುದು, ಹಿಂದಿನದ್ದಕ್ಕೆ ಹೋಲಿಸಬಹುದು. ಬಾಯಿಪಾಠಕ್ಕೂ ಓಲೆಗರಿಗೂ ಇದ್ದ ವ್ಯತ್ಯಾಸವೇ. ಇನ್ನು ಒಳ್ಳೆಯ ನಮೂನೆ ಎಂದರೆ ಯಕ್ಷಗಾನದ ಪ್ರಸಂಗದ ಹಾಗಿರಬೇಕು. ಪದ್ಯ ಎಲ್ಲ ಮೇಳಕ್ಕೂ ಅದೇ, ಅರ್ಥ ಹೇಳುವ ಜಾಗ ಮಾತ್ರ ಬಿಟ್ಟದ್ದು. ಅಲ್ಲಿ ಏನು ತುಂಬಬೇಕೆಂದು ಪಾತ್ರಧಾರಿಗೆ ಗೊತ್ತಿರುತ್ತದೆ. ಯಂತ್ರಕ್ಕೆ ಮಾತ್ರ ಅದನ್ನೂ ಹೇಳಿಯೇ ಕೊಡಬೇಕು.

ಈಗ ಮತ್ತೆ ಪಹಣಿಗೆ ಬರೋಣ. ಕರ್ನಾಟಕದಲ್ಲಿ ಜಮೀನಿನ ದಾಖಲೆಗಳನ್ನು ಕಂಪ್ಯೂಟರಿಗೆ ಹಾಕುವ ಪ್ರಯತ್ನ 1991ರ ಹೊತ್ತಿಗೇ ಶುರುವಾಗಿತ್ತು, ಹೆಚ್ಚು ಮುಂದೆ ಹೋಗಿರಲಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಕಂದಾಯ ಇಲಾಖೆಯಲ್ಲಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ಮುಂದಾಳುತನದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರ ಬರೆದ ತಂತ್ರಾಂಶದೊಂದಿಗೆ ‘ಭೂಮಿ’ ಬಂತು. ಮಂಡ್ಯ ಜಿಲ್ಲೆಯ ಮದ್ದೂರು ಮೊದಲ ಪ್ರಯೋಗದ ತಾಲೂಕು. ಅಲ್ಲಿ ಸರಿಹೊಂದಿದ್ದನ್ನು ಮುಂದೆ 177 ತಾಲೂಕು ಕಚೇರಿಗಳಿಗೆ ಒಯ್ದರು. ಸುಮಾರು 2 ಕೋಟಿ ಪಹಣಿ, 67 ಲಕ್ಷ ರೈತರು. ಆಗ ಒಂದು ಪಹಣಿಗೆ 15 ರೂಪಾಯಿ ಇತ್ತು. ಆರಂಭದ ವರ್ಷಗಳಲ್ಲಿ ಪ್ರತಿ ತಾಲೂಕು ಕಚೇರಿಯಲ್ಲಿ ಅದರದೇ ಸರ್ವರು, ಅದರದೇ ದಾಖಲೆ ಭಂಡಾರ. ಒಂದೇ ಸಂಸಾರದ 177 ಮಕ್ಕಳು ಎಂದುಕೊಳ್ಳಿ. ಮುಖ ಒಂದೇ, ಹೆಸರು ಬೇರೆ.

ಅದಕ್ಕೆ ಮೊದಲು ಪಹಣಿ ಇದ್ದದ್ದು ಗ್ರಾಮಕರಣಿಕರ ಕೈಬರಹದಲ್ಲಿ, ಅವರ ಪೆಟ್ಟಿಗೆಯಲ್ಲಿ. ರಾಜ್ಯದಲ್ಲಿ ಅವರ ಸಂಖ್ಯೆ ಸುಮಾರು 9,000. ಪಹಣಿ ಬೇಕಾದವನು ಅವರನ್ನು ಹುಡುಕಬೇಕು, ಸಿಕ್ಕಿದರೆ ಕೈ ಬೆಚ್ಚಗೆ ಮಾಡಬೇಕು. ಬೆರಳಚ್ಚು ಕೊಟ್ಟಲ್ಲದೆ ದಾಖಲೆ ತಿದ್ದಲಾಗದ ವ್ಯವಸ್ಥೆ ಭೂಮಿಯಲ್ಲಿ ಬಂದಾಗ ಯಾರು ಯಾವಾಗ ಏನು ಬದಲಿಸಿದರು ಎಂಬುದು ಉಳಿಯತೊಡಗಿತು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕಾಯಿತು. ಒಂದು ತಾಲೂಕಿನ ದಾಖಲೆ ಪರಿಶೀಲನೆಯಾಗಿ ಒಳಹೋದ ಮೇಲೆ ಅಲ್ಲಿ ಕೈಬರಹದ ಪಹಣಿ ಊರ್ಜಿತವಲ್ಲ ಎಂದು ಸರಕಾರ ಅಧಿಸೂಚನೆ ಹೊರಡಿಸುತ್ತಿತ್ತು. ಇದು ಧೈರ್ಯದ ಹೆಜ್ಜೆ. ಹಳೆಯದೂ ಹೊಸದೂ ಜೊತೆಗೆ ನಡೆಯಲಿ ಎಂದಿದ್ದರೆ ಯೋಜನೆ ಅಲ್ಲಿಗೇ ಮುಗಿಯುತ್ತಿತ್ತು ಎಂದು ನನಗೆ ಅನಿಸುತ್ತದೆ. ಭೂಮಿಗೆ 2002ರಲ್ಲಿ ಕಾಮನ್‌ವೆಲ್ತ್ ದೇಶಗಳ ಆಡಳಿತ ಸಂಸ್ಥೆಯಾದ ಕ್ಯಾಪಂನ ಬೆಳ್ಳಿ ಪ್ರಶಸ್ತಿಯೂ ಬಂತು.

ನಮೂನೆಯ ಕಣ್ಣಿನಿಂದ ನೋಡಿದರೆ ಭೂಮಿ ಕೆಲವು ಜಾಗಗಳನ್ನು ಸರಿಯಾಗಿ ಖಾಲಿ ಬಿಟ್ಟಿತು. ಇವತ್ತಿಗೂ ನಮ್ಮ ಜಿಲ್ಲೆಯ ಪಹಣಿಯಲ್ಲಿ ಲೆಕ್ಕ ಸೆಂಟ್ಸಿನಲ್ಲೇ ಇದೆ. ಮದ್ದೂರಿನ ಗುಂಟೆ ಸುಳ್ಯಕ್ಕೆ ಬರಲಿಲ್ಲ. ಬಂದಿದ್ದರೆ ಏನಾಗುತ್ತಿತ್ತೆಂದು ಆಗಲೇ ಲೆಕ್ಕ ಹಾಕಿದ್ದೇವೆ. ಆದರೆ ಪಹಣಿ ಮೂಲತಃ ಒಡೆಯನನ್ನು ಕೇಳುವ ಕಾಗದ. ಒಂಬತ್ತನೇ ಕಾಲಮಿನಲ್ಲಿ ಹೆಸರು, ಹನ್ನೊಂದರಲ್ಲಿ ಇತರ ಹಕ್ಕು ಮತ್ತು ಋಣ. ಕುಮ್ಕಿಯಂಥ ಸವಲತ್ತು ಅಲ್ಲಿ ಎಲ್ಲಿ ಕೂರಬೇಕು? ಅದು ಒಡೆತನವಲ್ಲ, ಪರಕೀಯವೂ ಅಲ್ಲ. ಪಕ್ಕದ ವರ್ಗಕ್ಕೆ ಅಂಟಿಕೊಂಡದ್ದು, ವರ್ಗ ಮಾರಿದರೆ ಅದರ ಜೊತೆಗೇ ಹೋಗುವಂಥದ್ದು. ಊರಿನವರಿಗೆ ಯಾರ ಕುಮ್ಕಿ ಎಲ್ಲಿಯವರೆಗೆ ಎಂಬುದು ಕಣಿ, ಅಗಳು, ಮರಗಳ ಗುರುತಿನಲ್ಲಿ ಗೊತ್ತು. ಕಾಗದ ಅದನ್ನು ಸರಕಾರಿ ಜಾಗ ಎನ್ನುತ್ತದೆ. ಎರಡೂ ನಿಜ. ಘಟ್ಟದ ಮೇಲೆ ಜಮ್ಮಾ ಹಿಡುವಳಿಯಲ್ಲೂ ಇದೇ ಪಾಡು. ಕಾಲಮು ಒಬ್ಬನ ಹೆಸರು ಕೇಳುತ್ತದೆ, ಜಾಗ ಒಕ್ಕಲಿನದ್ದು. ಬ್ಯಾಂಕಿನವರು ಸಾಲಕ್ಕೆ ಮುಂಚೆ ಪಹಣಿಯನ್ನೇ ಕೇಳುವುದರಿಂದ, ಪಹಣಿಯಲ್ಲಿ ಕೂರದ ಹಕ್ಕು ದಿನಕಳೆದಂತೆ ಹಕ್ಕೇ ಅಲ್ಲವೆಂಬಂತೆ ಆಗುವ ಅಪಾಯವಿದೆ.

ವಿದ್ವಾಂಸರೂ ಇಂಥ ಪ್ರಶ್ನೆ ಎತ್ತಿದ್ದಾರೆ. ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬರೆದ ಅಧ್ಯಯನವೊಂದು ಭೂಮಿಯನ್ನು ಹೊಗಳಿದವರ ಸಾಲಿನಿಂದ ದೂರ ನಿಂತು, ದಾಖಲೆಗಳು ಒಂದೇ ರೂಪಕ್ಕೆ ಬಂದು ಒಂದೇ ಕೈಗೆ ಸೇರಿದ್ದು ಬೆಂಗಳೂರಿನ ಸುತ್ತ ದೊಡ್ಡ ಪ್ರಮಾಣದಲ್ಲಿ ಜಾಗ ಕೊಳ್ಳುವವರಿಗೆ ಅನುಕೂಲವಾಯಿತು ಎಂದು ವಾದಿಸಿತು. ನಾನು ಆ ವಾದವನ್ನು ಪೂರ್ತಿ ಒಪ್ಪಲಾರೆ. ಗ್ರಾಮಕರಣಿಕರ ಪೆಟ್ಟಿಗೆಯ ಕಾಲವೇನೂ ಬಡವರ ಪಾಲಿಗೆ ಸ್ವರ್ಗವಾಗಿರಲಿಲ್ಲ. ಆದರೆ ಹಳೆಯ ರೂಢಿಗಳಿಗೆ ಇದ್ದ ಬಳುಕು ನಕಲಿನಲ್ಲಿ ಕಳೆದುಹೋಗುತ್ತದೆ ಎಂಬ ಅವರ ಮಾತು ಕುಮ್ಕಿಯ ಊರಿನವರಿಗೆ ಬೇಗ ಅರ್ಥವಾಗುತ್ತದೆ.

ನಮೂನೆ ಮಾಡಿಡುವುದರ ಲಾಭ ತಿಳಿಯುವುದು ಹೊಸದೊಂದು ನಕಲು ಬೇಕಾದಾಗ. 2017ರ ಬಜೆಟ್ಟಿನಲ್ಲಿ ರಾಜ್ಯ ಸರಕಾರ 49 ಹೊಸ ತಾಲೂಕುಗಳನ್ನು ಘೋಷಿಸಿತು. ಅವುಗಳಲ್ಲಿ ನಮ್ಮ ಪಕ್ಕದ ಕಡಬವೂ ಒಂದು. ಪುತ್ತೂರಿನಿಂದ ಕೆಲವು ಗ್ರಾಮ, ಸುಳ್ಯದಿಂದ ಕೆಲವು ಗ್ರಾಮ ಸೇರಿ ಅದು ಆಯಿತು. ತಹಶೀಲ್ದಾರರಿಗೆ ಕುರ್ಚಿ, ಕಚೇರಿಗೆ ಬೋರ್ಡು ಬೇಕು ಎಂಬುದು ಎಲ್ಲರಿಗೂ ಕಾಣುತ್ತದೆ. ಕಾಣದ ಕೆಲಸ ಇನ್ನೊಂದಿದೆ. ಪುತ್ತೂರು ಎಂದಿದ್ದ ಕಡೆ, ಸುಳ್ಯ ಎಂದಿದ್ದ ಕಡೆ, ಆ ಗ್ರಾಮಗಳ ಪ್ರತಿ ಪಹಣಿಯ ತಲೆಯಲ್ಲಿ ಕಡಬ ಎಂದು ಬರಬೇಕು; ಸರ್ವೆ ನಂಬರು, ವಿಸ್ತೀರ್ಣ, ಹೆಸರು, ಋಣ ಒಂದೂ ಕದಲಬಾರದು. ಕೈಬರಹದ ಕಾಲದಲ್ಲಾಗಿದ್ದರೆ ಇದು ಎಷ್ಟು ಶಾಯಿಯ, ಎಷ್ಟು ತಪ್ಪಿನ ಕೆಲಸ ಆಗುತ್ತಿತ್ತೋ. ತಾಲೂಕಿನ ಹೆಸರು ದಾಖಲೆಯ ಒಳಗೆ ಹರಡಿಕೊಂಡಿರದೆ ಒಂದು ಗುರುತಾಗಿ ಒಂದು ಕಡೆ ಇದ್ದರೆ ಬದಲಿಸಬೇಕಾದ್ದು ಅದನ್ನು ಮಾತ್ರ.

1837ರ ದಂಗೆಯ ಬಗ್ಗೆ ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದ ನಿರಂಜನರ ಊರು ಸುಬ್ರಹ್ಮಣ್ಯದ ಹತ್ತಿರದ ಕುಳ್ಕುಂದ. ಅವರು ಹುಟ್ಟಿದಾಗ ಸುಳ್ಯ ಬೇರೆ ತಾಲೂಕೇ ಆಗಿರಲಿಲ್ಲ. ಆಮೇಲೆ ಆ ಊರು ಸುಳ್ಯ ತಾಲೂಕಿನದ್ದಾಯಿತು. ಅನೇಕ ಪುಸ್ತಕಗಳಲ್ಲಿ ಅವರ ಪರಿಚಯ ಈಗಲೂ ಹಾಗೆಯೇ ಇದೆ. ಇವತ್ತು ಅಲ್ಲಿನ ಪಹಣಿ ತೆಗೆದರೆ ತಾಲೂಕು ಎಂಬಲ್ಲಿ ಕಡಬ ಎಂದು ಬರುತ್ತದೆ.